ಡಾಕ್ಟರಾಗದ ಲಾಜಿಕ್ ಮೇಷ್ಟ್ರು

ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದು ಸತ್ಯವನ್ನು ಹುಡುಕಬೇಕೆಂದಲ್ಲ, ಹಾಸ್ಟೆಲ್ ಬಿಡಲು ಮನಸ್ಸಿಲ್ಲದ್ದರಿಂದ. ಬಿ.ಎ. ಮುಗಿದಾಗ ನನಗೆ ಬೇಕಿದ್ದದ್ದು ರಾಜ್ಯಶಾಸ್ತ್ರ. ಅಲ್ಲಿ ಸೀಟು ಸಿಗಲಿಲ್ಲ. ಇತಿಹಾಸದಲ್ಲೂ ಸಿಗಲಿಲ್ಲ. ವಿಶ್ವವಿದ್ಯಾಲಯದ ಉದ್ದನೆಯ ಕಾರಿಡಾರಿನ ತುದಿಯಲ್ಲಿ ತತ್ವಶಾಸ್ತ್ರ ವಿಭಾಗವಿತ್ತು. ಒಳಗೆ ಕೂತಿದ್ದ ಗುಮಾಸ್ತರು ನನ್ನನ್ನು ಕಂಡು ಎದ್ದು ನಿಂತು, "ಬಾಪ್ಪಾ, ಬಾ" ಎಂದರು. ಅರ್ಜಿ ಕೇಳಲು ಬಂದ ಹುಡುಗನಿಗೆ ಎದ್ದು ನಿಲ್ಲುವ ಗುಮಾಸ್ತರನ್ನು ನಾನು ಆಮೇಲೆ ಯಾವ ಕಚೇರಿಯಲ್ಲೂ ಕಾಣಲಿಲ್ಲ. ಆ ವರ್ಷ ಅಲ್ಲಿ ಅಷ್ಟು ಸೀಟು ಖಾಲಿ ಇದ್ದವು.

ನಮ್ಮದು ಮಧುರೆ ಹೋಬಳಿಯ ಒಂದು ಹಳ್ಳಿ. ರಜಕ್ಕೆ ಊರಿಗೆ ಹೋದಾಗ ಅಪ್ಪ ಹುರುಳಿ ಬಡಿಯುತ್ತಾ ವಿಚಾರಿಸಿದರು.

"ಅದೇನ್ಲಾ ಓದ್ತಿರೋದು ನೀನು?"

"ತತ್ವಶಾಸ್ತ್ರ ಕಣಪ್ಪ."

"ಓದಿ ಏನಾಯ್ತೀಯ?"

"ಲೆಕ್ಚರರ್ ಆಗ್ಬೋದು."

"ಯಾರ್ಗೆ ಹೇಳ್ಕೊಡ್ತೀಯ?"

"ತತ್ವಶಾಸ್ತ್ರ ಓದೋರ್ಗೆ."

"ಅವ್ರು ಓದಿ ಏನಾಯ್ತಾರೆ?"

"ಅವ್ರೂ ಲೆಕ್ಚರರ್ ಆಗ್ಬೋದು."

ಅಪ್ಪ ಕೋಲು ಕೆಳಗಿಟ್ಟರು. "ಹೆಂಗೋ ನಿಮ್ನಿಮ್ಮಲ್ಲೇ ನಡ್ಕೊಂಡ್ ಹೋಗ್ಲಿ ಬುಡು" ಅಂದು ಮತ್ತೆ ಬಡಿಯಲು ಶುರು ಮಾಡಿದರು.

ಈಗ ನಾನು ನಿವೃತ್ತನಾಗಿ ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿಕೊಂಡಿದ್ದೇನೆ. ವೃತ್ತಿಯುದ್ದಕ್ಕೂ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ತರ್ಕಶಾಸ್ತ್ರ ಹೇಳಿದವನು. ಮಕ್ಕಳ ಬಾಯಲ್ಲಿ ಲಾಜಿಕ್ ಮೇಷ್ಟ್ರು, ದಾಖಲೆಯಲ್ಲಿ ಮುನಿರಾಜು, ಎಂ.ಎ. ಹೆಸರಿನ ಮೊದಲಿಗೆ 'ಡಾ.' ಎಂಬ ಅಕ್ಷರ ಕೊನೆಗೂ ಸೇರಲಿಲ್ಲ. ಇವತ್ತಿಗೂ ಒಬ್ಬರಲ್ಲ ಒಬ್ಬರು ಹುಡುಗರು ಕೇಳುತ್ತಾರೆ: "ಸಾರ್, ಪಿಎಚ್.ಡಿ. ಮಾಡೋ ಐಡಿಯಾ ಇಲ್ಲ. ಬರೀ ಎಂ.ಎ. ಫಿಲಾಸಫಿ ಮಾಡಿದ್ರೆ ಪ್ರಯೋಜನ ಇದ್ಯಾ?" ಇದಕ್ಕೆ ನಾನು ಫೋನಿನಲ್ಲಿ ಕೊಟ್ಟ ಉತ್ತರಗಳೆಲ್ಲ ಒಂದಕ್ಕೊಂದು ವಿರುದ್ಧವಾಗಿವೆ ಎಂದು ನನ್ನ ಹೆಂಡತಿ ಸುಜಾತ ಹೇಳುತ್ತಾಳೆ. ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುವವಳು ಅವಳು, ಸುಳ್ಳಿರಲಾರದು. ಅದಕ್ಕೇ ಉತ್ತರ ಹೇಳುವ ಗೋಜು ಬಿಟ್ಟು ನನಗೆ ಆದದ್ದನ್ನು ಬರೆದಿಡುತ್ತಿದ್ದೇನೆ.

ನನ್ನ ಮೊದಲ ನೇಮಕ ಹೊಸಕೋಟೆ ತಾಲ್ಲೂಕಿನ ಒಂದು ಹೋಬಳಿಗಾಯಿತು. ಕಾಲೇಜಿನ ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ನೀಲಗಿರಿ ತೋಪು. ಪ್ರಾಂಶುಪಾಲರು ಡಾ. ವೀರಭದ್ರಪ್ಪನವರು, ಸಸ್ಯಶಾಸ್ತ್ರದವರು. ರಾಗಿಗೆ ಬರುವ ಬೆಂಕಿರೋಗದ ಮೇಲೆ ಪಿಎಚ್.ಡಿ. ಮಾಡಿದ್ದರು. ಹಾಜರಿಗೆ ಸಹಿ ಹಾಕುವಾಗಲೂ 'ಡಾ.' ಎಂದು ಮೊದಲು ಬರೆದು, ಚುಕ್ಕಿ ಒತ್ತಿ, ಆಮೇಲೆ ಹೆಸರು ಬರೆಯುತ್ತಿದ್ದರು. ನನ್ನ ಕಾಗದಗಳನ್ನು ನೋಡಿ ಕೇಳಿದ ಮೊದಲ ಪ್ರಶ್ನೆ, "ಪಿಎಚ್.ಡಿ.?"

"ಮಾಡ್ಬೇಕು ಅಂತಿದೀನಿ ಸಾರ್."

"ಮಾಡಿ, ಮಾಡಿ. ಅಲ್ಲೀವರೆಗೂ ಮಕ್ಕಳನ್ನ ಪಾಸ್ ಮಾಡಿಸ್ತಾ ಇರಿ."

ನನಗೆ ಪಾಸ್ ಮಾಡಿಸುವ ಆಸೆ ಇರಲಿಲ್ಲ. ಆಲೋಚನೆ ಹೇಗೆ ನಡೆಯುತ್ತದೆ ಎಂಬುದನ್ನು ಆ ಹೋಬಳಿಗೆ ತೋರಿಸಿಕೊಡುವ ಉಮೇದಿನಲ್ಲಿದ್ದೆ. ಮೊದಲ ವಾರವೇ ಅನುಮಾನದ ಪಾಠ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದು. ಹೊಗೆಯನ್ನು ಕಂಡು ಬೆಂಕಿ ಇದೆಯೆಂದು ತಿಳಿಯುವುದು, ನಮ್ಮ ದೇಶದಲ್ಲಿ ಈ ವಿದ್ಯೆ ಕಲಿತವರೆಲ್ಲ ಕೇಳಿರುವ ಹಳೆಯ ಉದಾಹರಣೆ. ಪುಸ್ತಕದಲ್ಲಿ ಬೆಟ್ಟ ಎಂದಿತ್ತು. ನಾನು ಜೀವಂತ ಉದಾಹರಣೆ ಕೊಡೋಣವೆಂದು ಕಿಟಕಿಯ ಆಚೆ ಕೈ ತೋರಿಸಿದೆ. ನೀಲಗಿರಿ ತೋಪಿನ ಮೇಲೆ ಬೂದು ಬಣ್ಣದ್ದೇನೋ ಎದ್ದಿತ್ತು.

"ನೋಡಿ, ಅಲ್ಲಿ ಹೊಗೆ ಕಾಣ್ತಿದೆ. ಬೆಂಕಿ ಕಾಣ್ತಿಲ್ಲ. ಆದ್ರೂ ಬೆಂಕಿ ಇದೆ ಅಂತ ನಾವು ಖಚಿತವಾಗಿ ಹೇಳ್ಬಹುದು. ಹೇಗೆ?"

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕಿಟಕಿಗೆ ಬಂದವನೇ, "ಅಯ್ಯೋ, ಅದು ನಮ್ ತೋಪು ಕಣ್ರೋ!" ಎಂದು ಕೂಗಿಕೊಂಡು ಓಡಿದ. ಅವನ ಹಿಂದೆ ಬೆಂಚಿಗೆ ಬೆಂಚೇ ಓಡಿತು. ಹೆಣ್ಣುಮಕ್ಕಳು ನೀರಿನ ತೊಟ್ಟಿಯ ಬಿಂದಿಗೆಗಳನ್ನು ಎತ್ತಿಕೊಂಡರು. ಯಾರೋ ಗಂಟೆ ಬಾರಿಸಿದರು, ಪಕ್ಕದ ತರಗತಿಗಳೂ ಖಾಲಿಯಾದವು. ನಾನು ಸೀಮೆಸುಣ್ಣ ಹಿಡಿದುಕೊಂಡೇ ಅವರ ಹಿಂದೆ ಓಡಿದೆ. ತೋಪಿನ ಆಚೆ ಹೋಗಿ ನೋಡಿದರೆ ಇಟ್ಟಿಗೆ ಗೂಡಿನ ಲಾರಿಯೊಂದು ಮಣ್ಣಿನ ದಾರಿಯಲ್ಲಿ ಹಿಂದೆ ಮುಂದೆ ಮಾಡುತ್ತಾ ಧೂಳು ಎಬ್ಬಿಸುತ್ತಿತ್ತು. ಧೂಳನ್ನು ಹೊಗೆಯೆಂದು ತಿಳಿದರೆ ಅನುಮಾನ ಕೆಡುತ್ತದೆ ಎಂಬುದು ಆ ಪಾಠದ ಮುಂದಿನ ಪುಟದಲ್ಲಿತ್ತು. ಅಷ್ಟು ದೂರ ನಾವು ಹೋಗಿರಲಿಲ್ಲ.

ಸಂಜೆ ವೀರಭದ್ರಪ್ಪನವರು ಕರೆಸಿದರು. ಬೈಯುತ್ತಾರೆಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನೋಡಿ ಮುನಿರಾಜು, ನಾನು ನಾಲ್ಕೈದು ವರ್ಷ ಬೆಂಕಿರೋಗದ ಮೇಲೆ ಕೆಲಸ ಮಾಡಿದೀನಿ. ಅದ್ರಲ್ಲಿ ಹೊಗೆನೂ ಇರಲ್ಲ, ಬೆಂಕಿನೂ ಇರಲ್ಲ. ಹೆಸರು ನಂಬ್ಕೊಂಡು ಓಡ್ಬಾರ್ದು" ಎಂದರು. ಆ ಮಾತು ತಾಗಿದ್ದು ನನ್ನ ಪದವಿಗೋ ಅವರ ಪದವಿಗೋ ಎಂದು ಅವತ್ತು ನನಗೆ ಹೊಳೆಯಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರು ಇನ್ನೊಂದು ಸಂಗತಿಗೆ ಸಿದ್ಧರಾಗಿರಬೇಕು. ತತ್ವಶಾಸ್ತ್ರ ಎಂಬ ಮಾತಿನಲ್ಲಿ ಜನಕ್ಕೆ ಕೇಳಿಸುವುದು ಎರಡನೆಯ ಅರ್ಧ ಮಾತ್ರ. ನಾನು ಬಾಡಿಗೆಗಿದ್ದ ಮನೆಯ ಒಡೆಯರು ಮಗಳ ಜಾತಕ ತಂದು ಮುಂದಿಟ್ಟು, "ಶಾಸ್ತ್ರ ಓದಿದೀರಂತೆ, ಈ ವರ್ಷ ಕಂಕಣ ಕೂಡಿ ಬರುತ್ತಾ ನೋಡಿ ಸ್ವಾಮಿ" ಎಂದರು. ನನ್ನದು ಆ ಶಾಸ್ತ್ರವಲ್ಲ ಎಂದು ವಿವರಿಸಿದೆ. ಶಾಸ್ತ್ರ ಗೊತ್ತಿದ್ದೂ ಹೇಳುತ್ತಿಲ್ಲ ಎಂದು ಅವರು ಬೇಜಾರು ಮಾಡಿಕೊಂಡರು. ಜಾತಕದವರು ಕ್ರಮೇಣ ಬಿಟ್ಟರು. ಆದರೆ ತಿಥಿಯವರು ಹಿಡಿದುಕೊಂಡರು. ಯಾರಾದರೂ ತೀರಿಕೊಂಡರೆ ಹನ್ನೊಂದನೇ ದಿನ ಶಾಮಿಯಾನ ಹಾಕಿ, ಫೋಟೋಗೆ ಹಾರ ಹಾಕಿ, ಊಟಕ್ಕೆ ಮುಂಚೆ ಯಾರಿಂದಲಾದರೂ ನಾಲ್ಕು ಮಾತು ಆಡಿಸುವ ಪದ್ಧತಿ ಆ ಕಡೆ ಶುರುವಾಗಿತ್ತು. ಜೀವನ ನಶ್ವರ ಎಂದು ಸ್ಪಷ್ಟವಾಗಿ ಹೇಳಲು ಒಬ್ಬರು ಬೇಕಿತ್ತು. ನನ್ನನ್ನು ಬಿಟ್ಟರೆ ಅದಕ್ಕೆಂದೇ ಎಂ.ಎ. ಮಾಡಿದವರು ಸುತ್ತಮುತ್ತ ಇರಲಿಲ್ಲ.

ನಾನು ಬೀಗಿಹೋದೆ. ತರಗತಿಯಲ್ಲಿ ನಿದ್ದೆ ಮಾಡುವ ಮಕ್ಕಳೆದುರು ಮಾತಾಡಿ ಸೋತಿದ್ದವನಿಗೆ ಮೈಕು, ಶಾಮಿಯಾನ, ತಲೆದೂಗುವ ಹಿರಿಯರು ಸಿಕ್ಕಿದ್ದರು. ನಂದಗುಡಿ ಕಡೆಯ ಒಂದು ಹಳ್ಳಿಯಲ್ಲಿ ಚಿಕ್ಕಣ್ಣ ಎಂಬ ಪಂಪ್‌ಸೆಟ್ ರಿಪೇರಿಯವರು ತೀರಿಕೊಂಡಿದ್ದರು. ನಾನು ದೇಹ ಬೇರೆ ಆತ್ಮ ಬೇರೆ ಎಂಬಲ್ಲಿಂದ ಆರಂಭಿಸಿ, ಸಾಯುವವನು ಯಾರು, ನಿಜಕ್ಕೂ ಯಾರಾದರೂ ಸತ್ತಿದ್ದಾರೆಯೇ ಎಂಬ ಪ್ರಶ್ನೆಯವರೆಗೆ ಬಂದು ನಿಂತಿದ್ದೆ. ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತಿದ್ದ ಅವರ ಹೆಂಡತಿ ಮುನಿಯಮ್ಮ ಮೆಲ್ಲಗೆ ಅಂದರು:

"ಮೇಷ್ಟ್ರೇ, ಅವ್ರ ಹೆಸ್ರು ಒಂದ್ಸಲನಾದ್ರೂ ಹೇಳಿ."

ಅಷ್ಟು ಹೊತ್ತು ಮಾತಾಡಿದ್ದೆ, ಚಿಕ್ಕಣ್ಣ ಎಂಬ ಹೆಸರು ನನ್ನ ಬಾಯಿಂದ ಬಂದಿರಲೇ ಇಲ್ಲ. ಮುನಿಯಮ್ಮ ಆಕ್ಷೇಪಿಸಿದ್ದಲ್ಲ, ಬೇಡಿಕೊಂಡಿದ್ದು. "ಅಮ್ಮ, ನಂಗೆ ಅವ್ರು ಗೊತ್ತಿರಲಿಲ್ಲ. ನೀವೇ ಹೇಳಿ, ಹೇಗಿದ್ರು?" ಎಂದು ಕೆಳಗೆ ಕೂತು ಮೈಕನ್ನು ಅವರ ಮುಂದೆ ಹಿಡಿದೆ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆದರೆ ಹಿಂದಿನಿಂದ ಯಾರೋ, "ಬಾವಿಗಿಳಿದ್ರೆ ಹಾಡ್ಕೊಂಡೇ ಮೋಟ್ರು ಎತ್ತೋನು" ಎಂದರು. ಇನ್ನೊಬ್ಬರು, "ನಮ್ಮನೆ ಮದ್ವೆ ದಿನ ಮೋಟ್ರು ಸುಟ್ಟೋಯ್ತು, ಹೊಸ ಬಟ್ಟೆಲೇ ಇಳಿದ್ಬಿಟ್ಟ ಪುಣ್ಯಾತ್ಮ" ಎಂದರು. ಮೈಕು ಕೈಯಿಂದ ಕೈಗೆ ಹೋಯಿತು. ಜನ ನಕ್ಕರು, ಅತ್ತರು. ಕೊನೆಗೆ ಮುನಿಯಮ್ಮನೂ ಸೆರಗು ಸರಿಸಿ, "ಅವ್ರಿಗೆ ಖಾರ ಜಾಸ್ತಿ ಬೇಕಿತ್ತು" ಎಂದು ನಕ್ಕರು. ಅವತ್ತು ಊಟ ತಡವಾಯಿತು, ಯಾರೂ ಎದ್ದು ಹೋಗಲಿಲ್ಲ. ಅಲ್ಲಿಂದ ಮುಂದೆ ಯಾರು ಕರೆದರೂ ಹಿಂದಿನ ದಿನವೇ ಹೋಗಿ, ಮನೆಯವರ ಹತ್ತಿರ ಕೂತು, ಕೇಳಿಸಿಕೊಂಡು ಬರುವ ಅಭ್ಯಾಸ ಮಾಡಿಕೊಂಡೆ. ಆತ್ಮವನ್ನು ಅದರ ಪಾಡಿಗೆ ಬಿಟ್ಟೆ.

ಇನ್ನು ಪಿಎಚ್.ಡಿ. ವಿಷಯ. ಹೋದಲ್ಲೆಲ್ಲ ಅದೇ ಪ್ರಶ್ನೆ ಬರುತ್ತಿದ್ದರಿಂದ ಒಂದು ಉತ್ತರ ಸಿದ್ಧವಾಗಿಟ್ಟುಕೊಂಡಿದ್ದೆ: "ವಿಷಯ ಆಯ್ಕೆ ಆಗಿದೆ, ನೋಂದಣಿ ಆಗ್ಬೇಕು." ಮದುವೆಯಾದ ಹೊಸತರಲ್ಲಿ ಮಾವನವರಿಗೂ ಹಾಗೇ ಹೇಳಿದ್ದೆ. ವಿಷಯ ಮಾತ್ರ ವರ್ಷಕ್ಕೊಂದಾಗುತ್ತಿತ್ತು. ಮೊದಲು 'ಭಾರತೀಯ ದರ್ಶನಗಳಲ್ಲಿ ಜ್ಞಾನ' ಅಂತಿತ್ತು. ಭಾರತೀಯ ದರ್ಶನಗಳು ಬಹಳವಾದವೆನಿಸಿ ಒಂದೇ ದರ್ಶನಕ್ಕೆ ಬಂದೆ. ಆಮೇಲೆ ಆ ದರ್ಶನದ ಒಂದು ಗ್ರಂಥಕ್ಕೆ, ಆಮೇಲೆ ಗ್ರಂಥದ ಒಂದು ಅಧ್ಯಾಯಕ್ಕೆ ಇಳಿದೆ. ಇನ್ನೂ ಸ್ವಲ್ಪ ವರ್ಷ ಕಳೆದಿದ್ದರೆ ಒಂದು ಅಕ್ಷರಕ್ಕೆ ಬಂದು ನಿಲ್ಲುತ್ತಿದ್ದೆನೋ ಏನೋ.

ಪಿಎಚ್.ಡಿ. ಎಲ್ಲಿಗೆ ಬಂತೆಂದು ದಿನಾ ಕೇಳುವ ವೀರಭದ್ರಪ್ಪನವರ ಕಾಟ ತಾಳಲಾರದೆ ಒಂದು ಶನಿವಾರ ನನ್ನ ಹಳೆಯ ಪ್ರಾಧ್ಯಾಪಕರನ್ನು ನೋಡಲು ಹೋದೆ. ಅವರು ಕಾಫಿ ತರಿಸಿ, ನನ್ನ ವಿಷಯವನ್ನೆಲ್ಲ ಸಮಾಧಾನವಾಗಿ ಕೇಳಿ, "ಸರಿ, ಇದ್ರಲ್ಲಿ ನಿಂಗೆ ಏನು ತಿಳ್ಕೋಬೇಕಾಗಿದೆ?" ಎಂದರು.

ನಾನು ವಿಷಯವನ್ನೇ ಮತ್ತೆ ಹೇಳಿದೆ.

"ಅದು ತಲೆಬರಹ ಕಣಯ್ಯ. ಪ್ರಶ್ನೆ ಏನು? ಯಾವುದು ಗೊತ್ತಾಗ್ದೆ ನಿಂಗೆ ತೊಂದರೆ ಆಗ್ತಿದೆ?"

ನಾನು ಪ್ರಾಮಾಣಿಕವಾಗಿ ಹುಡುಕಿದೆ. ನನಗೆ ತೊಂದರೆ ಕೊಡುತ್ತಿದ್ದದ್ದು ವೀರಭದ್ರಪ್ಪನವರೊಬ್ಬರೇ. ಅದನ್ನೇ ಹೇಳಿದೆ. ಪ್ರಾಧ್ಯಾಪಕರು ಕಾಫಿ ಲೋಟ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಹಾಗಾದ್ರೆ ಟ್ರಾನ್ಸ್‌ಫರ್ ತಗೋ ಮಾರಾಯ, ಪಿಎಚ್.ಡಿ. ಯಾಕೆ?" ಎಂದು ಬಸ್ ಸ್ಟಾಪಿನವರೆಗೆ ಬಂದು ಕಳಿಸಿದರು. ಪಿಎಚ್.ಡಿ. ಬಗ್ಗೆ ನನಗೆ ಸಿಕ್ಕ ಒಳ್ಳೆಯ ಮಾರ್ಗದರ್ಶನ ಅದೊಂದೇ. ಅದನ್ನು ಪಾಲಿಸಿ, ವರ್ಗ ಮಾಡಿಸಿಕೊಂಡು ಸುಮ್ಮನಾದೆ.

ಕೆಲಸದ ರೀತಿಗಳು ನನ್ನ ಕಣ್ಣೆದುರೇ ಬದಲಾದವು. ಮೊದಲು ಬೋರ್ಡಿನ ಮೇಲೆ ವೃತ್ತ ಬರೆದು, ವೃತ್ತದೊಳಗೆ ವೃತ್ತ ಬರೆದು, ಎಲ್ಲ ಹಸುಗಳೂ ಪ್ರಾಣಿಗಳು ಎಂದು ತೋರಿಸುತ್ತಿದ್ದೆ. ಆಮೇಲೆ ಪ್ರೊಜೆಕ್ಟರ್ ಬಂತು. ಕರೆಂಟು ಹೋದಾಗ ಮತ್ತೆ ವೃತ್ತಕ್ಕೆ ಬರುತ್ತಿದ್ದೆ. ನಡುವೆ ಸರ್ಕಾರಿ ಪರೀಕ್ಷೆಗಳಲ್ಲಿ ರೀಸನಿಂಗ್ ಎಂಬ ವಿಭಾಗ ಶುರುವಾಗಿ, ನನ್ನ ಸಬ್ಜೆಕ್ಟಿಗೆ ಕಾಲ ಬಂತೆಂದು ಹಿಗ್ಗಿದೆ. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದ ಹುಡುಗರಿಗೆ ಸಂಜೆ ಉಚಿತ ತರಗತಿ ಎಂದು ಬೋರ್ಡು ಬರೆಸಿದೆ. ಒಂದು ಪ್ರಶ್ನೆಗೆ ಈ ಉತ್ತರವೇ ಏಕೆ ಸರಿ ಎಂದು ನಾನು ನಿಯಮದಿಂದ ನಿಯಮಕ್ಕೆ ಹತ್ತಿಕೊಂಡು ಹೋಗುವಷ್ಟರಲ್ಲಿ ಕೋಚಿಂಗ್‌ಗೆ ಹೋಗುತ್ತಿದ್ದವನೊಬ್ಬ ಅಂಥ ಪ್ರಶ್ನೆಗಳನ್ನು ಸಾಲಾಗಿ ಮುಗಿಸಿ ಕೂತಿರುತ್ತಿದ್ದ. "ಏಕೆ ಅಂತ ಗೊತ್ತಾಯ್ತಾ?" ಎಂದರೆ, "ಗುರುಗಳೇ, ಏಕೆ ಅನ್ನೋಕೆ ಮಾರ್ಕ್ಸ್ ಇಲ್ಲ" ಎನ್ನುತ್ತಿದ್ದ. ಒಂದು ತಿಂಗಳಲ್ಲಿ ಸಂಜೆ ತರಗತಿ ತಾನಾಗಿ ನಿಂತಿತು.

ಸೇವೆಯ ಕೊನೆಯ ಭಾಗದಲ್ಲಿ ಕಲಾ ವಿಭಾಗಕ್ಕೇ ಮಕ್ಕಳು ಬರುವುದು ಕಡಿಮೆಯಾಯಿತು. ಬಂದವರೂ ತರ್ಕಶಾಸ್ತ್ರದ ಬದಲು ಬೇರೆ ಐಚ್ಛಿಕ ವಿಷಯ ತೆಗೆದುಕೊಳ್ಳುತ್ತಿದ್ದರು. ಒಂದು ಬೇಸಿಗೆಯಲ್ಲಿ ಆಗಿನ ಪ್ರಾಂಶುಪಾಲರು, ಈ ವರ್ಷ ತರಗತಿ ತುಂಬದಿದ್ದರೆ ನನ್ನ ಹುದ್ದೆಯೇ ದೂರದ ಜಿಲ್ಲೆಗೆ ಹೋಗುತ್ತದೆ, ಹುದ್ದೆಯ ಜೊತೆ ನಾನೂ ಹೋಗಬೇಕಾಗುತ್ತದೆ ಎಂದರು. ಸುಜಾತಳಿಗೆ ಅಂಗನವಾಡಿಯಲ್ಲಿ ಕೆಲಸವಿತ್ತು, ಅಮ್ಮ ಹಾಸಿಗೆ ಹಿಡಿದಿದ್ದರು. ನಾನು ಸ್ಕೂಟರ್ ಏರಿ ಹತ್ತನೇ ತರಗತಿ ಪಾಸಾದ ಮಕ್ಕಳ ಮನೆ ಹುಡುಕಿಕೊಂಡು ಹೊರಟೆ. ಸಾಬೂನು ಮಾರುವವರ ಕಷ್ಟ ಆಗ ಗೊತ್ತಾಯಿತು. ಅವರ ಕೈಯಲ್ಲಿ ಸಾಬೂನಾದರೂ ಇರುತ್ತದೆ.

ಹಾಗೆ ಹೋದ ಮನೆಗಳಲ್ಲಿ ಪಿಳ್ಳಪ್ಪನವರದೂ ಒಂದು. ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಿದ್ದರು. ಮಗಳು ನಾಗವೇಣಿಗೆ ಒಳ್ಳೆಯ ಅಂಕ ಬಂದಿತ್ತು. ನಾನು ಹಟ್ಟಿಯ ಬಾಗಿಲಲ್ಲೇ ನಿಂತು, ತರ್ಕಶಾಸ್ತ್ರ ಓದಿದವರು ಸರಿಯಾಗಿ ಯೋಚಿಸುತ್ತಾರೆ, ಸರಿಯಾಗಿ ಯೋಚಿಸುವವರಿಗೆ ಎಲ್ಲ ಕಡೆ ಬೆಲೆ ಇದೆ, ಆದ್ದರಿಂದ ತರ್ಕಶಾಸ್ತ್ರ ಓದಿದವರಿಗೆ ಎಲ್ಲ ಕಡೆ ಬೆಲೆ ಇದೆ ಎಂದು ವಾದಿಸಿದೆ. ನಿಯಮದ ಪ್ರಕಾರ ಅದರಲ್ಲಿ ಒಂದೂ ತಪ್ಪಿರಲಿಲ್ಲ.

ಪಿಳ್ಳಪ್ಪ ಹಸುವಿನ ಮೈ ಉಜ್ಜುತ್ತಲೇ ಇದ್ದರು. "ಕಾಮರ್ಸ್ ಮಾಡಿದ್ರೆ ಕಂಪ್ನಿಲಿ ತಗೊತಾರೆ ಸಾ. ನಿಮ್ದು ಓದಿದ್ರೆ ಯಾವ್ ಕಂಪ್ನಿಲಿ ತಗೊತಾರೆ?"

ನಾನು ಕಂಪನಿಯ ಹೆಸರು ಹುಡುಕುತ್ತಿದ್ದಾಗ ಒಳಗಿನಿಂದ ನಾಗವೇಣಿ ಬಂದು, "ಸಾರ್, ನಿಮ್ ಕ್ಲಾಸು ಎಷ್ಟೊತ್ತಿಗೆ ಬಿಡುತ್ತೆ?" ಎಂದಳು. ಮಧ್ಯಾಹ್ನಕ್ಕೇ ಎಂದೆ. "ಕಾಮರ್ಸ್‌ನೋರ್ಗೆ ಸಂಜೆವರೆಗೂ ಇರುತ್ತೆ. ಅಪ್ಪಾ, ಇದಾದ್ರೆ ಮಧ್ಯಾಹ್ನದ ಬಸ್ಸಿಗೆ ಬಂದು ಸಾಯಂಕಾಲದ ಹಾಲು ನಾನೇ ಕರೀಬೋದು" ಎಂದಳು. ಪಿಳ್ಳಪ್ಪ ಒಪ್ಪಿದರು. ಉಳಿದ ಮನೆಗಳಲ್ಲೂ ನಾನು ಅವಳ ಮಾತನ್ನೇ ಹೇಳಿ ತರಗತಿ ತುಂಬಿಸಿದೆ. ನನ್ನ ಹುದ್ದೆಯನ್ನು ಆ ವರ್ಷ ಉಳಿಸಿದ್ದು ತರ್ಕಶಾಸ್ತ್ರವಲ್ಲ, ಮಧ್ಯಾಹ್ನದ ಬಸ್ಸು.

ಆ ಹುಡುಗಿ ನನ್ನ ತರಗತಿಗೆ ಬಂದದ್ದು ಬಸ್ಸಿಗಾಗಿಯೇ ಆದರೂ, ಬಂದ ಮೇಲೆ ನಿದ್ದೆ ಮಾಡಲಿಲ್ಲ. ನಾನು ಉದಾಹರಣೆ ಕೊಟ್ಟರೆ ಅದಕ್ಕೆ ಹೊಂದದ್ದನ್ನು ತಾನೊಂದು ಕೊಡುತ್ತಿದ್ದಳು. ತಪ್ಪು ವಾದಗಳ ಪಾಠ ಅವಳಿಗೆ ಬಹಳ ಹಿಡಿಸಿತು. ಒಬ್ಬಿಬ್ಬರನ್ನು ನೋಡಿ ಎಲ್ಲರೂ ಹಾಗೇ ಎನ್ನುವುದು, ಮಾತು ಬಿಟ್ಟು ಮಾತಾಡಿದವನನ್ನು ಹಳಿಯುವುದು, ಇವನ್ನೆಲ್ಲ ಊರಿನ ಜಗಳಗಳಿಂದ ಹೆಕ್ಕಿ ತಂದು ಹೇಳುತ್ತಿದ್ದಳು. ಆ ಎರಡು ವರ್ಷ ನಾನು ಪಾಠಕ್ಕೆ ಮೊದಲು ಓದಿಕೊಂಡು ಹೋಗುತ್ತಿದ್ದೆ. ಹಿಂದೆಂದೂ ಆ ಅಗತ್ಯ ಬಿದ್ದಿರಲಿಲ್ಲ.

ಬಿ.ಎ. ಮುಗಿಸಿದ ಮೇಲೆ ಒಂದು ಭಾನುವಾರ ಅಪ್ಪನ ಜೊತೆ ನಮ್ಮ ಮನೆಗೆ ಬಂದಳು. ತತ್ವಶಾಸ್ತ್ರದಲ್ಲಿ ಎಂ.ಎ.ಗೆ ಅರ್ಜಿ ಹಾಕಿದ್ದಳು. ಅದೇ ಹೊತ್ತಿಗೆ ಒಂದು ಸಂಬಂಧವೂ ಬಂದಿತ್ತು. ಹುಡುಗ ದೇವನಹಳ್ಳಿ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿದ್ದ, ಬೂದಿಗೆರೆಯಲ್ಲಿ ಸ್ವಂತ ಮನೆ. ಎರಡು ವರ್ಷ ಕಾಯುವುದಿಲ್ಲ ಎಂದು ಅವರ ಕಡೆಯವರು ಹೇಳಿದ್ದರು.

"ನಿಮ್ ಮಾತು ಕೇಳ್ತಾಳೆ ಸಾ. ಬೇಡ ಅಂತ ನೀವೇ ಒಂದ್ ಮಾತು ಹೇಳ್ಬುಡಿ" ಎಂದರು ಪಿಳ್ಳಪ್ಪ. ಅವರ ದನಿ ಗಟ್ಟಿಯಾಗಿರಲಿಲ್ಲ. ಹಿಂದಿನ ವರ್ಷವಷ್ಟೇ ಅವರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು. ಮಗಳ ಮದುವೆ ನೋಡಿಕೊಂಡುಬಿಡುವ ಆತುರ ಅವರಿಗಿತ್ತು.

ನಾನು ಮನಸಾರೆ ಬೇಡವೆಂದೆ. "ನೋಡಮ್ಮ, ಪದವಿ ಕಾಲೇಜಿಗೆ ನೆಟ್ಟು, ಸ್ಲೆಟ್ಟು ಪರೀಕ್ಷೆ, ಇಲ್ಲಾ ಪಿಎಚ್.ಡಿ. ಕೇಳ್ತಾರೆ. ಪಿಯುಸಿಗೆ ಈಗ ಬಿ.ಎಡ್. ಕೂಡ ಬೇಕು. ಲಾಜಿಕ್ ಹುದ್ದೆ ಕರೆಯೋದೇ ಅಪರೂಪ. ಪಿಎಚ್.ಡಿ. ಮಾಡಲ್ಲ ಅಂತಿದೀಯ. ಬರೀ ಎಂ.ಎ. ಮಾಡಿದ್ರೆ ಏನಾಗುತ್ತೆ ಅಂತ ನನ್ನ ನೋಡಿದ್ರೇ ಗೊತ್ತಾಗಲ್ವಾ?"

"ಸಾರ್, ನಿಮ್ಮೊಬ್ರನ್ನ ನೋಡಿ ಎಲ್ಲಾರ್ಗೂ ಹಾಗೇ ಅನ್ನೋದು ಆತುರದ ಸಾಮಾನ್ಯೀಕರಣ. ನೀವೇ ಹೇಳ್ಕೊಟ್ಟಿದ್ದು."

"ಅದು ಪರೀಕ್ಷೆಗೆ ಹೇಳ್ಕೊಟ್ಟಿದ್ದು."

ಅವಳು ನಗಲಿಲ್ಲ. "ಎಂ.ಎ. ಮಾಡಿದ್ದಕ್ಕೆ ನಿಮ್ಗೆ ಬೇಜಾರಿದ್ಯಾ ಸಾರ್?"

ಇದೆ ಎಂದರೆ ಕೆಲಸ ಮುಗಿಯುತ್ತಿತ್ತು. ಹೊರಡಲಿಲ್ಲ ಆ ಮಾತು. ಅಡುಗೆಮನೆಯಿಂದ ಸುಜಾತ, "ಅವ್ರಿಗಿಲ್ಲ ಕಣಮ್ಮ, ಬೇಜಾರಿರೋದು ನಂಗೆ" ಎಂದಳು. ಪಿಳ್ಳಪ್ಪನವರಿಗೂ ನಗು ಬಂತು. ಆಮೇಲೆ ನಾಗವೇಣಿ ಅಪ್ಪನ ಕಡೆ ತಿರುಗಿ, "ಎರಡೇ ವರ್ಷ ಅಪ್ಪಾ. ಒಂದ್ಸಲ ಪೂರ್ತಿ ಓದ್ಬಿಡ್ತೀನಿ. ಆಮೇಲೆ ನೀನು ಯಾವ್ದಕ್ಕೆ ಹೇಳಿದ್ರೂ ಕೂತ್ಕೊಂಡು ಮಾತಾಡೋಣ" ಎಂದಳು. 'ಒಪ್ಪುತ್ತೇನೆ' ಎನ್ನಲಿಲ್ಲ, 'ಮಾತಾಡೋಣ' ಎಂದಳು. ಆ ವ್ಯತ್ಯಾಸ ಪಿಳ್ಳಪ್ಪನವರಿಗೂ ತಿಳಿಯಿತು. ಕಾಫಿ ಮುಟ್ಟದೆ ಎದ್ದು ಹೋದರು.

ಅವಳು ಎಂ.ಎ.ಗೆ ಸೇರಿದಳು. ಬೂದಿಗೆರೆಯ ಸಂಬಂಧ ತಪ್ಪಿತು. ಊರಿನಲ್ಲೆಲ್ಲ ಲಾಜಿಕ್ ಮೇಷ್ಟ್ರೇ ಹುಡುಗಿಯ ತಲೆ ಕೆಡಿಸಿದ್ದು ಎಂದಾಯಿತು. ನಾನು ಬೇಡವೆಂದಿದ್ದೆ ಎಂದು ಸಿಕ್ಕವರಿಗೆಲ್ಲ ಹೇಳಿದೆ, ಒಬ್ಬರೂ ನಂಬಲಿಲ್ಲ. ಡೇರಿಯ ಹತ್ತಿರ ಪಿಳ್ಳಪ್ಪ ಎದುರು ಸಿಕ್ಕರೆ ಕ್ಯಾನಿನ ಮುಚ್ಚಳ ನೋಡುತ್ತಾ ನಿಲ್ಲುತ್ತಿದ್ದರು. ಎಂ.ಎ. ಮುಗಿದ ಮೇಲೂ ಅವಳಿಗೆ ತಕ್ಷಣ ಏನೂ ಸಿಗಲಿಲ್ಲ. ಸ್ವಲ್ಪ ಕಾಲ ಅತಿಥಿ ಉಪನ್ಯಾಸಕಿಯಾಗಿ ಅಲ್ಲಿ ಇಲ್ಲಿ ತಿರುಗಿದಳು. ಆ ದಿನಗಳಲ್ಲಿ ನನಗೆ ಅವಳ ಫೋನ್ ಬಂದರೆ ಎತ್ತಲು ಭಯವಾಗುತ್ತಿತ್ತು. ವಿಭಾಗದವರು ಪಿಎಚ್.ಡಿ.ಗೆ ಕರೆದಿದ್ದರಂತೆ. ಹೋಗಬಾರದೇನಮ್ಮ ಎಂದೆ, ನಾನೇ.

"ಐದು ವರ್ಷ ಹಿಡಿಯೋ ಪ್ರಶ್ನೆ ನನ್ನ ಹತ್ರ ಇಲ್ಲ ಸಾರ್. ಒಂದು ಮಧ್ಯಾಹ್ನ ಹಿಡಿಯೋವು ಬೇಕಾದಷ್ಟಿವೆ" ಎಂದಳು.

ಪರೀಕ್ಷೆ ಬರೆಯುತ್ತಲೇ ಇದ್ದಳು. ನಾನು ನಿವೃತ್ತನಾಗುವ ಹೊತ್ತಿಗೆ ಪಿಡಿಒ ಆಗಿ ಆಯ್ಕೆಯಾದಳು, ಅಂದರೆ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ. ಅದಕ್ಕೆ ಯಾವ ಪದವಿಯಾದರೂ ನಡೆಯುತ್ತದೆ, ತತ್ವಶಾಸ್ತ್ರವೇ ಬೇಕೆಂದಿಲ್ಲ. ಆಯ್ಕೆಪಟ್ಟಿ ಬಂದ ವಾರ ಪಿಳ್ಳಪ್ಪ ಒಂದು ಸಣ್ಣ ಕ್ಯಾನಿನಲ್ಲಿ ಗಿಣ್ಣುಹಾಲು ತಂದು ನಮ್ಮ ಬಾಗಿಲಲ್ಲಿ ನಿಂತರು. "ಹಸ ಕರು ಹಾಕ್ತು" ಎಂದರು. ಕಾಫಿ ಕುಡಿದು ಹೋದರು.

ಅವಳಿಗೆ ಮೊದಲ ಕೆಲಸ ಬಿದ್ದದ್ದು ನಮ್ಮೂರನ್ನು ಒಳಗೊಂಡ ಪಂಚಾಯಿತಿಗೇ. ಊರಲ್ಲಿ ಅಪ್ಪನ ಹೆಸರಿನ ಮನೆಯಿತ್ತು, ಅದರ ಖಾತೆ ನನ್ನ ಹೆಸರಿಗೆ ಆಗಬೇಕಿತ್ತು. ಶಿಷ್ಯೆಯೇ ಅಧಿಕಾರಿ ಎಂಬ ಧೈರ್ಯದಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ. ಅವಳು ಎದ್ದು ನಮಸ್ಕಾರ ಮಾಡಿ, "ಒಂದ್ನಿಮಿಷ ಕೂತ್ಕೊಳ್ಳಿ ಸಾರ್, ಇವ್ರದ್ದು ಮುಗಿಸ್ಬಿಡ್ತೀನಿ" ಎಂದು ಬೆಂಚು ತೋರಿಸಿದಳು.

ಮುಂದೆ ಇಬ್ಬರು ಅಕ್ಕಪಕ್ಕದ ಮನೆಯವರು ನಿಂತಿದ್ದರು, ನಂಜಪ್ಪ ಮತ್ತು ಗೌರಮ್ಮ. ನಂಜಪ್ಪನ ಬಚ್ಚಲ ನೀರು ಗೌರಮ್ಮನ ಬಾಗಿಲ ಮುಂದೆ ಹರಿಯುತ್ತಿತ್ತು. ಇಬ್ಬರೂ ಒಟ್ಟಿಗೆ ಕೂಗಾಡುತ್ತಿದ್ದರು. ನಾಗವೇಣಿ ಕೈ ಎತ್ತಿ, "ನಂಜಪ್ಪಣ್ಣ, ನಿಮ್ದು ಆಮೇಲೆ. ಮೊದ್ಲು ಗೌರಮ್ಮಕ್ಕಂಗೆ ಏನ್ ಬೇಜಾರು ಅಂತ ನೀವು ಹೇಳಿ. ಅವ್ರು ಹೌದು ಅನ್ಬೇಕು" ಎಂದಳು.

"ನೀರು ಬತ್ತದೆ ಅಂತ ಅಷ್ಟೇ."

"ಅಂಗಲ್ಲ!" ಎಂದರು ಗೌರಮ್ಮ.

"ವಾಸ್ನೆ ಬತ್ತದೆ ಅಂತ."

"ಅದೂ ಅಲ್ಲ."

ನಂಜಪ್ಪ ತಲೆ ಕೆರೆದುಕೊಂಡು ಗೌರಮ್ಮನ ಮುಖ ನೋಡಿದರು. ಬಹುಶಃ ಆ ಜಗಳ ಶುರುವಾದ ಮೇಲೆ ಮೊದಲ ಸಲ. "ಹೇಳ್ದೆ ಕೇಳ್ದೆ ಪೈಪ್ ಇಟ್ಬುಟ್ಟೆ ಅಂತ..." ಎಂದರು. ಗೌರಮ್ಮ ಮೂಗು ಒರೆಸಿಕೊಂಡರು. "ಒಂದ್ ಮಾತು ಕೇಳಿದ್ರೆ ನಾನೇ ಜಾಗ ತೋರಿಸ್ತಿರ್ಲಿಲ್ವಾ? ನಿನ್ ಮಕ್ಳು ನಮ್ಮನೇಲೇ ಬೆಳೆದೋರಲ್ವಾ?" ಆಮೇಲೆ ಪೈಪು ಎಲ್ಲಿ ತಿರುಗಿಸಬೇಕು ಎಂಬುದಷ್ಟೇ ಉಳಿಯಿತು. ಅದನ್ನು ಮಾತಾಡಿಕೊಳ್ಳುತ್ತಾ ಇಬ್ಬರೂ ಹೊರಗೆ ಹೋದರು.

"ಇದನ್ನ ಎಲ್ಲಿ ಕಲಿತ್ಯಮ್ಮ?" ಎಂದೆ.

"ಎಂ.ಎ.ನಲ್ಲಿ ಸಾರ್. ಪೂರ್ವಪಕ್ಷ ಅಂತ ಇತ್ತಲ್ಲ, ಎದುರಿನೋರ ವಾದನ ಅವ್ರೇ ಒಪ್ಪೋ ಹಾಗೆ ಮೊದ್ಲು ನಾವು ಹೇಳ್ಬೇಕು, ಆಮೇಲೆ ನಮ್ದು ಅಂತ. ನೀವೂ ಓದಿರ್ತೀರಲ್ವಾ?"

ಓದಿದ್ದೆ. ಅದರ ಮೇಲೆ ಬಂದ ಪ್ರಶ್ನೆಗೆ ಒಳ್ಳೆಯ ಅಂಕವೂ ಬಂದಿತ್ತು. ನನ್ನ ಇಡೀ ನೌಕರಿಯಲ್ಲಿ, ಮನೆಯಲ್ಲಿ, ಸುಜಾತಳ ಜೊತೆಗಿನ ಒಂದು ಮಾತಿನಲ್ಲೂ ಅದನ್ನು ಬಳಸಿದ ನೆನಪಿಲ್ಲ. ಪದವಿ ನನ್ನದೂ ಅವಳದೂ ಒಂದೇ.

ಅವಳು ನನ್ನ ಕಾಗದಗಳನ್ನು ಒಂದೊಂದಾಗಿ ನೋಡಿ, ಮೇಲೆ ನೋಡಿದಳು. "ಸಾರ್, ಈ ವರ್ಷದ ಕಂದಾಯ ಕಟ್ಟಿರೋ ರಸೀದಿ ಇದ್ರಲ್ಲಿಲ್ಲ."

ನಾನು ಮಾತಾಡಲು ಹೊರಟೆ. ಅವಳು ಕೈ ಎತ್ತಿದಳು.

"ನಾನೇ ಹೇಳ್ತೀನಿ ಸಾರ್. ನೀವು ನನ್ ಮೇಷ್ಟ್ರು. ದೊಡ್ಡಬಳ್ಳಾಪುರದಿಂದ ಬಿಸಿಲಲ್ಲಿ ಎರಡು ಬಸ್ ಹತ್ತಿ ಬಂದಿದೀರಿ. ಊರಲ್ಲಿ ಎಲ್ಲಾರ್ಗೂ ಗೊತ್ತಿರೋ ಮನೆ. ಕಂದಾಯ ನೀವು ಬಾಕಿ ಇಟ್ಕೊಳ್ಳೋರಲ್ಲ, ಕಟ್ಟೇ ಇರ್ತೀರಿ. ಒಂದು ಕಾಗದಕ್ಕೋಸ್ಕರ ವಾಪಸ್ ಕಳಿಸಿದ್ರೆ ಅವಮಾನ ಆಗುತ್ತೆ. ಸರಿನಾ ಸಾರ್? ಏನಾದ್ರೂ ಬಿಟ್ಟೆನಾ?"

ನಾನೇ ಹೇಳಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

"ಇಲ್ಲಮ್ಮ. ಏನೂ ಬಿಟ್ಟಿಲ್ಲ."

"ಹಾಗಾದ್ರೆ ರಸೀದಿ ತಗೊಂಡ್ ಬನ್ನಿ ಸಾರ್."

ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೊರಟ ನನಗೆ ಅವಮಾನ ಆಗಲಿಲ್ಲ.